ಸದ್ದೇ ಮಾಡದ ಗಾಡಿ

ಬೀದಿಯವರು ಅವಳನ್ನು ಸೂಜಿ ಎನ್ನುತ್ತಿದ್ದರು. ಎದುರಿಗೆ ಹಾಗೆನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ. ಕೆಲಸವೂ ಸೂಜಿಯದೇ, ನಾಲಿಗೆಯೂ ಸೂಜಿಯೇ. ಬೆಳಿಗ್ಗೆ ಆರೂವರೆಗೆ ಹೊರಟು, ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಕಾಯುತ್ತಿರುವ ಮುದುಕ ಮುದುಕಿಯರ ಮನೆಗಳಿಗೆ ಹೋಗಬೇಕು, ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆಯಬೇಕು, ಕೆಂಪು ಮುಚ್ಚಳದ್ದಕ್ಕೆ ಇಷ್ಟು, ನೇರಳೆ ಮುಚ್ಚಳದ್ದಕ್ಕೆ ಇಷ್ಟು ಎಂದು ಟ್ಯೂಬುಗಳಿಗೆ ತುಂಬಿ ಚೀಟಿ ಅಂಟಿಸಬೇಕು, ಒಂಬತ್ತರೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಇಪ್ಪತ್ತೆರಡು ವರ್ಷದಿಂದ ಅವಳದು ಇದೇ ಕೆಲಸ. ಅದರಲ್ಲಿ ಹತ್ತೊಂಬತ್ತು ವರ್ಷ ಒಂದೇ ಗಾಡಿಯ ಮೇಲೆ. ಬೂದು ಬಣ್ಣದ ಸಣ್ಣ ಸ್ಕೂಟರು, ಕಾಲಿಡುವ ಜಾಗದಲ್ಲಿ ಬೆಲ್ಟಿನಿಂದ ಬಿಗಿದ ಐಸ್ ಪೆಟ್ಟಿಗೆ.

ಅವಳ ಪ್ರಕಾರ ಮನುಷ್ಯರಲ್ಲಿ ಎರಡೇ ಬಗೆ: ಗಾಡಿ ನೋಡಿಕೊಳ್ಳುವವರು, ಮತ್ತು ಅಯೋಗ್ಯರು. ಮೊದಲನೆಯ ಗುಂಪಿನಲ್ಲಿ ಅವಳೊಬ್ಬಳೇ ಇದ್ದಳು. ಎದುರುಮನೆಯ ಮೇಷ್ಟ್ರು ಈ ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಗಾಡಿ ಬದಲಾಯಿಸಿದ್ದರು. ಪ್ರತಿ ಸಲವೂ ಹೊಸ ಗಾಡಿ ಗೇಟಿನ ಮುಂದೆ ನಿಂತಾಗ ಸೂಜಿ ಕೈ ಕಟ್ಟಿಕೊಂಡು ಬಂದು ಒಂದು ಸುತ್ತು ಹಾಕುತ್ತಿದ್ದಳು.

"ಏನ್ ಮೇಷ್ಟ್ರೇ, ಗಾಡಿ ಅಂದ್ರೆ ಚಪ್ಪಲೀನಾ, ಸವೆದ್ರೆ ಬಿಸಾಕೋಕೆ? ಮಕ್ಕಳಿಗೂ ಹೀಗೇ ಪಾಠ ಮಾಡ್ತೀರಾ?"

ಮೇಷ್ಟ್ರು ಹಲ್ಲು ಕಿರಿದು ಒಳಗೆ ಹೋಗುತ್ತಿದ್ದರು. ಪಾಪ, ಅವರ ಹೆಂಡತಿ ಸ್ವಲ್ಪ ಹೊತ್ತಿನ ಮೇಲೆ ಬಂದು ಗಾಡಿಯನ್ನು ಒಳಕ್ಕೆ ತಳ್ಳಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಸೂಜಿಯ ಹಿತ್ತಿಲಿನಲ್ಲಿ ಹಳೆಯ ಬೆಡ್‌ಶೀಟು ಹಾಸಿರುತ್ತಿತ್ತು. ಪ್ಲಗ್ಗನ್ನು ಬಿಚ್ಚಿ ಮರಳು ಕಾಗದದಿಂದ ಉಜ್ಜುವಳು. ಏರ್ ಫಿಲ್ಟರಿನ ಸ್ಪಂಜನ್ನು ಪೆಟ್ರೋಲಿನಲ್ಲಿ ಅದ್ದಿ ಹಿಂಡುವಳು. ಬ್ರೇಕು, ಕ್ಲಚ್ಚುಗಳ ಕೇಬಲ್ಲಿಗೆ ಸಿರಿಂಜಿನಿಂದ ಎಣ್ಣೆ ಬಿಡುವಳು, ರಕ್ತ ತೆಗೆಯುವಾಗ ರೋಗಿಗಳಿಗೆ ತೋರಿಸದಷ್ಟು ನಯವಾಗಿ. ತನ್ನ ಗಂಡ ತೀರಿಕೊಂಡ ಮೇಲೆ ಬಂದು ಜೊತೆ ಸೇರಿಕೊಂಡಿದ್ದ ತಂಗಿ ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತು, ಅಕ್ಕ ಕರೆದಾಗಲೆಲ್ಲ ಎದ್ದು ಬಂದು ನಟ್ಟು ಬಿಚ್ಚುವ ಪಾನಾ ಹಿಡಿದು ನಿಲ್ಲಬೇಕಾಗಿತ್ತು. ತಪ್ಪು ಪಾನಾ ಕೊಟ್ಟರೆ ಅವತ್ತೆಲ್ಲ ಅದೇ ಮಾತು.

ಕೊನೆಗೆ ಎಂಜಿನ್ ಶುರು ಮಾಡಿ ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಇದರಲ್ಲಿ ಅವಳ ದೊಡ್ಡಸ್ತಿಕೆಯೆಲ್ಲ ನಿಜವೇ, ಇಲ್ಲವೆಂದರೆ ನಮ್ಮ ನಾಲಿಗೆಗೆ ಹುಳ ಬೀಳುತ್ತದೆ. ಕಾರ್ಬುರೇಟರಿನಲ್ಲಿ ಕಸ ಕೂತರೆ, ಹಿಂದಿನ ಚಕ್ರದ ಒಂದು ನಟ್ಟು ಸಡಿಲವಾದರೆ, ಬೇರೆಯವರಿಗೆ ಗೊತ್ತಾಗುವುದಕ್ಕೆ ವಾರ ಮುಂಚೆ ಅವಳ ಕಿವಿಗೆ ಗೊತ್ತಾಗುತ್ತಿತ್ತು. ಒಮ್ಮೆ ಅಡುಗೆಮನೆಯಲ್ಲಿದ್ದುಕೊಂಡೇ "ಮೇಷ್ಟ್ರ ಗಾಡಿ ಚೈನು ಕಳಚುತ್ತೆ" ಎಂದಿದ್ದಳು. ಮೂರನೆಯ ದಿನ ಮೇಷ್ಟ್ರು ನಡುರಸ್ತೆಯಲ್ಲಿ ಚೈನನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ಗಾಡಿ ಬಾಯ್ಬಿಟ್ಟು ಹೇಳುತ್ತೆ ಕಣೇ," ಎನ್ನುತ್ತಿದ್ದಳು ತಂಗಿಗೆ. "ಇವರೆಲ್ಲ ಕಿವಿ ಇಟ್ಕೊಂಡಿರೋದು ಕನ್ನಡಕ ಸಿಕ್ಕಿಸೋಕೆ."

ಅಂಥ ಕಿವಿ ಹೋದ ವರ್ಷ ಅವಳಿಗೆ ಕೈಕೊಟ್ಟಿತು. ರಾತ್ರಿ ಬೆಳಗಾಗುವುದರೊಳಗೆ ಹೋಗಿದ್ದರೆ ತಿಳಿಯುತ್ತಿತ್ತೇನೋ, ಅದು ಚೂರುಚೂರಾಗಿ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಬಳಿ ಓಡುತ್ತಿದ್ದರು. ಸೂಜಿ ಮಾತ್ರ ತನ್ನ ಗಾಡಿ ಸುಧಾರಿಸಿತು ಎಂದುಕೊಂಡಳು.

ಹೌದು, ಹಾಗೇ ಅಂದುಕೊಂಡಳು. ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಆಗಷ್ಟೇ ಬದಲಾಯಿಸಿದ್ದಳು, ಆ ಕೀರ್ತಿಯೆಲ್ಲ ಎಣ್ಣೆಗೆ ಹೋಯಿತು. "ಹತ್ತೊಂಬತ್ತನೇ ವರ್ಷಕ್ಕೆ ಹೊಸದಕ್ಕಿಂತ ಮೆತ್ತಗೆ ಓಡ್ತಿದೆ! ನೋಡ್ಕೊಳ್ಳೋಕೆ ಬರ್ಬೇಕು!" ಎಂದು ಕಂಡವರಿಗೆಲ್ಲ ಹೇಳಿದಳು. ಹೊಲಿಗೆ ಯಂತ್ರಕ್ಕೂ ಅದೇ ಎಣ್ಣೆಯ ಎರಡು ಹನಿ ಬಿಟ್ಟು, ಅದೂ ಗಡಗಡ ನಿಲ್ಲಿಸಿತು ಎಂದು ತಂಗಿಯ ಬೆನ್ನು ತಟ್ಟಿದಳು. ತಂಗಿಯ ಕಾಲ ಕೆಳಗೆ ಯಂತ್ರ ಎಂದಿನಂತೆ ಗಡಗಡ ಎನ್ನುತ್ತಲೇ ಇತ್ತು.

ಇತ್ತ ಗಾಡಿಯ ಸೈಲೆನ್ಸರು ತುಕ್ಕು ಹಿಡಿದು ಬಾಯಿ ಬಿಟ್ಟಿತು. ಎಂಜಿನ್ನಿನ ಒಳಗೆ ಬೇರಿಂಗ್ ಸವೆದು ಲಟಲಟ ಶುರುವಾಯಿತು. ಅವಳು ಬೀದಿಗಿಳಿದರೆ ನಾಯಿಗಳು ಮೊದಲು ಬೊಗಳುತ್ತಿದ್ದವು, ಆಮೇಲೆ ಓಡುತ್ತಿದ್ದವು. ಮೂರು ಬೀದಿ ಆಚೆಯ ರೋಗಿಗಳು ಸದ್ದು ಕೇಳಿದ ಕೂಡಲೇ ಅಂಗಿಯ ತೋಳು ಮಡಚಿಕೊಂಡು ಬಾಗಿಲಿಗೆ ಬಂದು ಕೂರುತ್ತಿದ್ದರು. ಬೆಲ್ ಒತ್ತುವ ಮೊದಲೇ ಬಾಗಿಲು ತೆಗೆದಿರುವುದನ್ನು ಕಂಡು ಸೂಜಿ, ಇಪ್ಪತ್ತೆರಡು ವರ್ಷ ಬೈದದ್ದಕ್ಕೆ ಈಗ ಶಿಸ್ತು ಬಂತು ಎಂದು ಹಿಗ್ಗಿದಳು. ಹಾರ್ನ್ ಮಾತ್ರ ಸತ್ತಿದೆ ಎಂದು ಅವಳಿಗೆ ಅನ್ನಿಸಿ, ಒಂದಲ್ಲ ಮೂರು ಸಲ ಬದಲಾಯಿಸಿದಳು. ಮೂರನೆಯದು ಲಾರಿಗೆ ಹಾಕುವಂಥದ್ದು. "ಇದು ಪರವಾಗಿಲ್ಲ, ಸ್ವಲ್ಪ ಕೇಳ್ಸುತ್ತೆ" ಎಂದಳು. ಆ ಹಾರ್ನ್ ಕೇಳಿ ಹಾಲಿನವನೊಬ್ಬ ಸೈಕಲ್ ಸಮೇತ ಚರಂಡಿಗಿಳಿದದ್ದನ್ನು ನೋಡಿ, ಸೈಕಲ್ ಹೊಡೆಯುವುದೂ ಬರುವುದಿಲ್ಲ ಈಗಿನವರಿಗೆ ಎಂದುಕೊಂಡು ಮುಂದೆ ಹೋದಳು.

ಜನರ ಮಾತು ಕೇಳಿಸದಿದ್ದುದು ಅವಳಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಊರಿಗೆ ಊರೇ ಗೊಣಗಲು ಶುರುಮಾಡಿದೆ ಎಂದಳು ಇವಳು. "ಬಾಯ್ಬಿಟ್ಟು ಮಾತಾಡೋಕೆ ಏನು ರೋಗ ನಿಮಗೆಲ್ಲ? ಅನ್ನ ತಿನ್ನಲ್ವಾ?"

ಬೀದಿಯವರೇನೂ ಸಾಚಾಗಳಲ್ಲ. ಹತ್ತೊಂಬತ್ತು ವರ್ಷ ಅವಳಿಂದ ಚುಚ್ಚಿಸಿಕೊಂಡವರಿಗೆ ಇದಕ್ಕಿಂತ ರುಚಿಯಾದ ಸೇಡು ಬೇರೆ ಸಿಗುತ್ತಿರಲಿಲ್ಲ. "ಗಾಡಿ ಹೇಗಿದೆ ಮೇಡಮ್?" ಎಂದು ಮೇಷ್ಟ್ರೇ ಗೇಟಿಗೆ ಬಂದು ಕೇಳುವರು. "ಸದ್ದೇ ಇಲ್ಲ ಮೇಷ್ಟ್ರೇ!" ಎಂದು ಅವಳು ಆ ಗದ್ದಲದ ಮೇಲೆ ಕೂಗುವಳು. ಮೇಷ್ಟ್ರು ಒಳಗೆ ಹೋಗಿ ಸೋಫಾದ ಮೇಲೆ ಬಿದ್ದು ನಗುವರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ, ಕಟ್ಟಿದರೂ ಆ ಬೆಕ್ಕಿಗೆ ಕೇಳಿಸುತ್ತಿರಲಿಲ್ಲ.

ತಂಗಿಯೊಬ್ಬಳೇ ಹೇಳಿದಳು. ಊಟಕ್ಕೆ ಬಡಿಸುವಾಗ ಹೇಳಿದಳು, ಬಟ್ಟೆ ಹಿಂಡುವಾಗ ಹೇಳಿದಳು. "ಅಕ್ಕಾ, ಗಾಡಿ ಸದ್ದು ಬೀದಿಗೆಲ್ಲ ಕೇಳ್ತಿದೆ. ನಿನಗೆ ಕಿವಿ ಸರಿಯಾಗಿ ಕೇಳ್ತಿಲ್ಲ ಕಣೇ." ಅಕ್ಕ ತಟ್ಟೆಯಿಂದ ತಲೆಯೆತ್ತದೆ, "ಉಪ್ಪು ಸರಿಯಾಗೇ ಇದೆ ಬಿಡು" ಎನ್ನುತ್ತಿದ್ದಳು. ಜೋರಾಗಿ ಹೇಳಿದರೆ, ಹೊತ್ತಿಲ್ಲ ಗೊತ್ತಿಲ್ಲ ಯಾಕೆ ಜಗಳಕ್ಕೆ ಬರ್ತೀಯ ಎನ್ನುತ್ತಿದ್ದಳು.

ಹೀಗೇ ಎಷ್ಟು ದಿನ ನಡೆಯುತ್ತಿತ್ತೋ. ಅಷ್ಟರಲ್ಲಿ ರೋಗಿಗಳಿಂದ ಲ್ಯಾಬಿಗೆ ದೂರು ಹೋಯಿತು, ಒಂದಲ್ಲ ಐದಾರು: ಗಾಡಿಯ ಗದ್ದಲ ತಡೆಯಲಾಗದು, ಹೇಳಿದ್ದೊಂದೂ ಅವಳಿಗೆ ಕೇಳಿಸದು. ಲ್ಯಾಬಿನ ಮ್ಯಾನೇಜರು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅವಳ ಮುಂದೆ ನಿಂತರೆ ಅಂಗಿಯ ಗುಂಡಿ ಸರಿಯಿದೆಯೇ ಎಂದು ನೋಡಿಕೊಳ್ಳುವವನು. ಕಿವಿಯ ಮಾತು ಎತ್ತುವ ಎದೆ ಅವನಿಗೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎಲ್ಲವನ್ನೂ ಗಾಡಿಯ ತಲೆಗೆ ಕಟ್ಟಿ ಒಂದು ಕಾಗದ ಬರೆದು ಕೈಗಿಟ್ಟ. ಗಾಡಿ ಸುಸ್ಥಿತಿಯಲ್ಲಿದೆ ಎಂದು ಮೆಕ್ಯಾನಿಕ್ಕನಿಂದ ಬರೆಸಿ ತರಬೇಕು, ಇಲ್ಲವಾದರೆ ಸೋಮವಾರದಿಂದ ಮನೆಮನೆಯ ಕೆಲಸ ನಿಲ್ಲಿಸಿ ಕೌಂಟರಿನಲ್ಲಿ ಕೂರಬೇಕು.

ಕೌಂಟರೆಂದರೆ ಗಾಜಿನ ಗೂಡು. ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು, ಗಾಜಿನಲ್ಲಿ ಅಂಗೈಯಗಲದ ತೂತು. ಆ ತೂತಿನಿಂದ ಜನ ತಮ್ಮ ಹೆಸರು, ವಯಸ್ಸು, ಕಾಯಿಲೆ ಪಿಸುಗುಟ್ಟುತ್ತಾರೆ. ಸೂಜಿ ಆ ಕಾಗದವನ್ನು ಎರಡು ಸಲ ಓದಿ, ಆ ತೂತಿನ ಕಡೆ ಒಮ್ಮೆ ನೋಡಿದಳು. ಅವಳಿಗೆ ಹೆದರಿಕೆಯಾಯಿತು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ, ಆದ್ದರಿಂದ ಮ್ಯಾನೇಜರನಿಗೆ ಬೈದಳು.

ಶನಿವಾರ ಮಧ್ಯಾಹ್ನ ತಂಗಿಯನ್ನು ಹಿಂದೆ ಕೂರಿಸಿಕೊಂಡು ಗ್ಯಾರೇಜಿಗೆ ಹೋದಳು. ತಂಗಿ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಳು. ಗ್ಯಾರೇಜಿನ ಮುದುಕ ಇವರ ಗಾಡಿಯ ಸದ್ದು ಕೇಳಿ ಆಗಲೇ ಕೈ ಒರೆಸಿಕೊಂಡು ಫುಟ್‌ಪಾತಿಗೆ ಬಂದು ನಿಂತಿದ್ದ. ಸೂಜಿ ಅವನ ಬಳಿ ಹೋಗದೆ ವರ್ಷಗಳೇ ಆಗಿದ್ದವು. ಗಾಡಿಗೆ ಕೈ ಹಚ್ಚಲು ಇವನಿಗೆ ಯೋಗ್ಯತೆಯಿಲ್ಲ ಎಂದು ಅವನ ಅಂಗಡಿಯ ಮುಂದೆಯೇ ನಿಂತು ಹೇಳಿ ಹೋಗಿದ್ದಳು.

"ಅಕ್ಕಾ, ಇದನ್ನ ಇನ್ನು ಓಡಿಸ್ಬೇಡಿ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ. "ಒಳಗೆ ಬೇರಿಂಗ್ ಹೋಗಿದೆ. ಯಾವ ಗಳಿಗೇಲಿ ಎಂಜಿನ್ ಕಚ್ಕೊಳ್ಳುತ್ತೋ! ರಸ್ತೇಲಿ ಕಚ್ಕೊಂಡ್ರೆ ಚಕ್ರ ಅಲ್ಲೇ ನಿಂತ್ಬಿಡುತ್ತೆ, ನೀವು ಮುಂದಕ್ಕೆ ಹಾರ್ತೀರ!"

ಅವಳು ಗಾಡಿ ಆಫ್ ಮಾಡಿ ಸ್ಟ್ಯಾಂಡ್ ಹಾಕಿದಳು. "ಬೇರಿಂಗ್ ಹೋದ್ರೆ ಸದ್ದು ಬರ್ಬೇಕಲ್ವೇನಯ್ಯಾ? ಎಲ್ಲಿದೆ ಸದ್ದು?"

ಮುದುಕ ತಂಗಿಯ ಮುಖ ನೋಡಿದ. ತಂಗಿ ನೆಲ ನೋಡಿದಳು. ಅವನು ತನ್ನ ಕಿವಿಯನ್ನು ಬೆರಳಿನಿಂದ ಮುಟ್ಟಿ, "ಒಂದ್ಸಲ ಇದನ್ನ ತೋರಿಸ್ಬಾರ್ದಾ ಅಕ್ಕಾ, ಡಾಕ್ಟರಿಗೆ?" ಎಂದ.

"ನನ್ನ ಕಿವೀನಾ?" ಸೂಜಿಯ ಮೂಗಿನ ಹೊಳ್ಳೆ ಅಗಲವಾಯಿತು. "ನಿನ್ನ ಗ್ಯಾರೇಜಲ್ಲಿರೋ ಗಾಡಿಗಳನ್ನೆಲ್ಲ ಸಾಲಾಗಿ ಶುರು ಮಾಡು, ಒಂದೊಂದಕ್ಕೂ ಏನು ಕಾಯಿಲೆ ಅಂತ ಹೇಳ್ತೀನಿ. ಬೇಡ, ಇದನ್ನೇ ಮಾಡು. ನಾನು ಆ ಕಂಬದ ಹತ್ರ ಬೆನ್ನು ತಿರುಗಿಸ್ಕೊಂಡು ನಿಲ್ತೀನಿ. ಎಂಜಿನ್ ಹೇಗೆ ಓಡ್ತಿದೆ ಅಂತ ಅಲ್ಲಿಂದ್ಲೇ ಹೇಳ್ತೀನಿ. ತಪ್ಪಿದ್ರೆ ಗಾಡಿ ಇಲ್ಲೇ ಬಿಟ್ಟು ಹೋಗ್ತೀನಿ. ತಪ್ಪದೇ ಇದ್ರೆ ಬಾಯ್ಮುಚ್ಕೊಂಡು ಚೀಟಿ ಬರ್ಕೊಡು."

ಮುದುಕ ತಲೆಯಾಡಿಸಿ "ಆಗ್ಲಿ" ಎಂದ.

ಅವಳು ಹದಿನೈದು ಹೆಜ್ಜೆ ನಡೆದು ಕಂಬದ ಬಳಿ ಬೆನ್ನು ಹಾಕಿ ನಿಂತಳು. ಕಣ್ಣು ಮುಚ್ಚಿ, ತೋರುಬೆರಳೆತ್ತಿ, "ಹೂಂ, ಶುರು ಮಾಡು" ಎಂದಳು.

ಮುದುಕ ಕಿಕ್ ಹೊಡೆದ. ಗಾಡಿ ಅಬ್ಬರಿಸಿತು. ತಂತಿಯ ಮೇಲಿನ ಹಕ್ಕಿಗಳು ಎದ್ದವು, ಮೇಲಿನ ಮನೆಯಲ್ಲಿ ಯಾರೋ ಕಿಟಕಿ ಹಾಕಿಕೊಂಡರು. ಎರಡು ಉಸಿರಿನಷ್ಟು ಹೊತ್ತು ಓಡಿ, ಒಳಗೆಲ್ಲೋ ಕಟಕ್ ಎಂದು, ನಿಂತುಹೋಯಿತು. ಮುದುಕ ಮತ್ತೆ ಕಿಕ್ಕಿನ ಮೇಲೆ ಕಾಲಿಟ್ಟ. ಅದು ಇಳಿಯಲಿಲ್ಲ. ಸೀಟು ಹಿಡಿದುಕೊಂಡು ಮೈಭಾರವನ್ನೆಲ್ಲ ಬಿಟ್ಟ. ಕಲ್ಲಿನಂತೆ ನಿಂತಿತ್ತು. ಬೀದಿಯಲ್ಲಿ ಸೊಲ್ಲೇ ಇಲ್ಲ.

"ಹಾಂ, ಬಂತು," ಎಂದಳು ಸೂಜಿ ಕಂಬದ ಕಡೆಯಿಂದ. "ಈಗ ನಿಧಾನಕ್ಕೆ ಓಡ್ತಿದೆ. ನೋಡು, ಒಂದೇ ಸಮ."

ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಸ್ವಲ್ಪ ಆಕ್ಸಿಲರೇಟರ್ ಕೊಡು. ಇನ್ನೂ ಸ್ವಲ್ಪ. ಸಾಕು, ಅಲ್ಲೇ ಇಡು." ಎತ್ತಿದ ಬೆರಳು ತಾಳ ಹಾಕುವಂತೆ ಅಲುಗುತ್ತಿತ್ತು. "ಬೇರಿಂಗ್ ಹೋಗಿರೋ ಎಂಜಿನ್ ಹೀಗೆ ಓಡುತ್ತೇನಯ್ಯಾ? ಬೆಣ್ಣೆ ಕಣಯ್ಯಾ ಇದು, ಬೆಣ್ಣೆ!"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಕೇಳಿದ ಎಂಜಿನ್ನು ಅವಳ ತಲೆಯೊಳಗೆ ಓಡುತ್ತಲೇ ಇತ್ತು, ಅದಕ್ಕೆ ಗ್ಯಾರೇಜಿನ ಮುಂದೆ ನಿಂತ ಗಾಡಿಯ ಹಂಗು ಇರಲಿಲ್ಲ. ಈ ತಮಾಷೆಗಾಗಿ ಬೀದಿ ವರ್ಷವಿಡೀ ಕಾದಿತ್ತು. ಈಗ ನೋಡುತ್ತಿದ್ದ ಇಬ್ಬರಲ್ಲಿ ಒಬ್ಬರಿಗೂ ನಗು ಬರಲಿಲ್ಲ.

"ಎಲ್ಲಿ, ಚೀಟಿ ಬರಿ," ಎಂದು ಅವಳು ಗೆದ್ದ ಮುಖದಲ್ಲಿ ತಿರುಗಿದಳು. ಹೊಗೆಯಿಲ್ಲ. ಅಲುಗಾಟವಿಲ್ಲ. ಮುದುಕ ಕೈ ಇಳಿಬಿಟ್ಟು ನಿಂತಿದ್ದ. "ಯಾಕೆ ಆಫ್ ಮಾಡ್ದೆ?"

ಅವನು ಮತ್ತೊಮ್ಮೆ ಕಿಕ್ಕಿನ ಮೇಲೆ ಹತ್ತಿ ನಿಂತು ತೋರಿಸಿದ. ಆಮೇಲೆ ಹತ್ತಿರ ಬಂದು, ತುಟಿ ಕಾಣುವಂತೆ ಬಿಡಿಬಿಡಿಯಾಗಿ ಹೇಳಿದ: "ನಾನು ಮಾಡ್ಲಿಲ್ಲ ಅಕ್ಕಾ. ನೀವು 'ಬಂತು' ಅನ್ನೋಕೆ ಮುಂಚೇನೇ ನಿಂತ್ಹೋಯ್ತು."

ಸೂಜಿ ತಂಗಿಯ ಕಡೆ ನೋಡಿದಳು. ಇವನು ಸುಳ್ಳ ಎಂದು ಅವಳಾದರೂ ಹೇಳಲಿ ಎಂದು ಬಹಳ ಹೊತ್ತು ನೋಡಿದಳು. ತಂಗಿ ಅಳುತ್ತಿದ್ದಳು.

"ಯಾವತ್ತಿಂದ?"

ತಂಗಿ ಒಂದು ಬೆರಳು ತೋರಿಸಿ "ವರ್ಷ" ಎಂದಳು.

"ಒಂದು ವರ್ಷದಿಂದ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೇ? ಒಡಹುಟ್ಟಿದವಳು ನೀನು! ಒಂದು ಮಾತು ಹೇಳೋಕೆ ಏನಾಗಿತ್ತು?"

ತಂಗಿ ಅವಳ ಎರಡೂ ಭುಜ ಹಿಡಿದು, ಕಿವಿಗೇ ಬಾಯಿ ಹಚ್ಚಿ ಕಿರುಚಿದಳು. "ದಿನಾ ಹೇಳಿದ್ನಲ್ಲೇ ಅಕ್ಕಾ! ದಿನಾ ಹೇಳಿದೆ!"

ಅದು ಕೇಳಿಸಿತು. ಪೂರ್ತಿ ಕೇಳಿಸಿತು. ಸೂಜಿ ಆಚೀಚೆ ನೋಡಿ, ತಂಗಿಯ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು, ಗುಟ್ಟಿನ ಮಾತನ್ನು ಆಡುವವಳಂತೆ ಬಗ್ಗಿದಳು.

"ಕಿರುಚ್ಬೇಡ್ವೇ," ಎಂದಳು. "ನಾಲ್ಕು ಜನ ಕೇಳಿಸ್ಕೊಂಡಾರು."

ರಸ್ತೆಯ ಆ ತುದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಈ ಮಾತನ್ನು ಯಾರು ಕೂಗಿದ್ದು ಎಂದು ತಿರುಗಿ ನೋಡಿದರು.