ಮೂಸದೆ ಕೊಂಡ ಮಲ್ಲಿಗೆ

ಗೌರಿ ಹಬ್ಬಕ್ಕೆ ನೈರೋಬಿಯಲ್ಲಿ ಗುಲಾಬಿ ಬೇಕಾದಷ್ಟು ಸಿಕ್ಕಿತು, ಮಲ್ಲಿಗೆ ಮಾತ್ರ ಸಿಗಲಿಲ್ಲ. ಬಟ್ಟೆಯ ಮಲ್ಲಿಗೆ ದಂಡೆಗೆ ಮಲ್ಲಿಗೆ ಸೆಂಟಾದರೂ ಹಾಕೋಣ ಎಂದರು ಅತ್ತೆ. ಆಫೀಸು ಮುಗಿಸಿ ವೆಸ್ಟ್‌ಲ್ಯಾಂಡ್ಸ್‌ನ ಮಾಲ್‌ಗೆ ಹೋದೆ.

ಅಂಗಡಿಯ ಹುಡುಗಿ ಒಂದು ದುಬಾರಿ ಬಾಟಲಿ ತೆಗೆದಳು. "ನಿಮ್ಮ ದೇವಸ್ಥಾನಗಳ ಹೂದೋಟವೇ ಇದಕ್ಕೆ ಸ್ಫೂರ್ತಿ, ಮ್ಯಾಡಮ್" ಎನ್ನುತ್ತಾ ಕಾಗದದ ಪಟ್ಟಿಗೆ ಸಿಂಪಡಿಸಿ ನನ್ನ ಮೂಗಿನ ಹತ್ತಿರ ತಂದಳು. ನಾನು ಉಸಿರು ಬಿಗಿಹಿಡಿದು ಹಿಂದೆ ಸರಿದೆ.

"ಅಲರ್ಜಿನಾ?"

"ಇಲ್ಲಮ್ಮ, ಇದು ದೇವರಿಗೆ. ದೇವರಿಗೆ ಇಡೋ ಹೂವನ್ನ ನಾವು ಮೊದಲೇ ಮೂಸೋದಿಲ್ಲ." ಮದುವೆಯಾದ ಹೊಸದರಲ್ಲಿ ಅತ್ತೆ ಬೈದು ಕಲಿಸಿದ ಪಾಠ ಅದು.

"ವಾಸನೆ ಚೆನ್ನಾಗಿಲ್ಲದಿದ್ದರೆ?"

ನಾನು ಪರ್ಸ್ ತೆರೆದೆ. ಅವಳು ಪಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಒಳಗೆ ಹೋಗಿ, ಸೀಲ್ ಒಡೆಯದ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಸ್ವಾಹಿಲಿಯಲ್ಲೇ 'ಅಸಾಂಟೆ' ಎಂದು ಮನಸಾರೆ ಧನ್ಯವಾದ ಹೇಳಿ ಬಂದೆ.

ಹಬ್ಬದ ದಿನ ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡೇ ದಂಡೆಗೆ ಸಿಂಪಡಿಸಿದರು. ಪೂಜೆ ಮುಗಿದ ಮೇಲೆ ದಂಡೆಯನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಮೂಸಿದರು. ಮುಖ ಹಿಂಡಿಕೊಂಡರು.

"ಇದರಲ್ಲಿ ಮಲ್ಲಿಗೆ ಎಲ್ಲಿದೆಯೇ? ತರುವಾಗ ಒಂದ್ಸಲ ಮೂಸಿ ನೋಡಬಾರದಿತ್ತಾ?"