ಮೊಳಕೈ ಮೇಲಿನ ಬಳೆ

ಕೆರೂರ ಹತ್ತಿರದ ಕುರಿಗಾರ ಅಮಸಿದ್ದಪ್ಪನ ಮಗಳು ರಂಗವ್ವ ಹತ್ತನೇ ಇಯತ್ತೆ ಪಾಸಾದಾಗ ಮನೆಯಲ್ಲಿ ಸಂತೋಷಕ್ಕಿಂತ ಗೊಂದಲವೇ ಹೆಚ್ಚಾಯಿತು. ಅಷ್ಟು ಓದಿದ ಹೆಣ್ಣನ್ನು ಏನು ಮಾಡಬೇಕೆಂಬುದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಗಲಕೋಟೆಯಲ್ಲಿ ಎರಡು ವರ್ಷದ ನರ್ಸ್ ತರಬೇತಿ ಇದೆ, ಹೆರಿಗೆ ಮಾಡಿಸುವುದನ್ನು ಕಲಿಸುತ್ತಾರೆ, ಆಮೇಲೆ ಸರಕಾರಿ ನೌಕರಿ ಎಂದು ಮಾಸ್ತರರು ಹೇಳಿದಾಗ ಅಮಸಿದ್ದಪ್ಪ ಹೆಗಲ ಮೇಲಿನ ಕಂಬಳಿ ಜಾರುವಷ್ಟು ನಕ್ಕ.

"ಅದನ್ನ ಕಲಿಯಾಕ ಎರಡ ವರ್ಷ ಬೇಕೇನ್ರಿ? ನಾ ಒಂದ ಮಳಿಗಾಲದಾಗ ನಾಲ್ವತ್ತ ಕುರಿ ಈಯಿಸ್ತೇನಿ. ನನಗ ಯಾವ ಮಗಾ ಸರ್ಟಿಫಿಕೇಟ ಕೊಟ್ಟಾನ?"

ಆದರೂ ಕಳಿಸಿದ. ೧೯೭೫ರ ಜೂನಿನಲ್ಲಿ ರಂಗವ್ವ ಟ್ರಂಕು ಹಿಡಿದು ಬಾಗಲಕೋಟೆಯ ಬಸ್ಸು ಹತ್ತಿದಳು. ಮೊದಲ ದಿನವೇ ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಬಳೆಗಳನ್ನು ತೆಗೆಯಿರಿ. ಬಳೆಯ ಸಂದಿಯಲ್ಲಿ ರೋಗ ವಾಸಿಸುತ್ತದೆ" ಎಂದರು. ಅಂಥ ಶುದ್ಧ ಕನ್ನಡವನ್ನು ರಂಗವ್ವ ಪಠ್ಯಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಬೆರಗಿನಲ್ಲಿ ಬಳೆ ತೆಗೆದಳು. ಮುಂದೆ ಎರಡು ವರ್ಷ ಹಾಸಿಗೆ ಹಾಸಿದಳು, ಬದನೆಕಾಯಿಗೆ ಸೂಜಿ ಚುಚ್ಚಿ ಇಂಜೆಕ್ಷನ್ ಕಲಿತಳು, ಮೊಳಕೈವರೆಗೆ ಸಾಬೂನು ಹಚ್ಚಿ ಕೈ ತೊಳೆದು ತೊಳೆದು ಚರ್ಮ ಒರಟು ಮಾಡಿಕೊಂಡಳು. ಪಾಸಾಗಿ ಹೊರಗೆ ಬರುವಾಗ ನೀಲಿ ಅಂಚಿನ ಬಿಳಿ ಸೀರೆಯೂ, ಚರ್ಮದ ಚೀಲವೂ, ಡಾಕ್ಟರರಿಗಿಂತ ಒಂದು ತೂಕ ಜಾಸ್ತಿಯಾದ ಗಾಂಭೀರ್ಯವೂ ಜೊತೆಗಿದ್ದವು.

ನೌಕರಿ ಸಿಕ್ಕಿದ್ದು ಇಳಕಲ್ಲಿನಿಂದ ಎಂಟು ಮೈಲು ದೂರದ ನೀರಹಾಳದಲ್ಲಿ. ಮೊದಲು ಎರಡು ವರ್ಷ ಪ್ರೊಬೇಶನ್, ಆಮೇಲೆ ಕಾಯಂ. ರಂಗವ್ವ ದಿನಾ ಮುಂಜಾನೆ ಬಿಳಿ ಸೀರೆಯುಟ್ಟು ಓಣಿಗಳಲ್ಲಿ ನಡೆಯುವಳು. ಹಣೆಯ ಮೇಲಿನ ಸಾಸಿವೆಯಷ್ಟು ಕುಂಕುಮ ಎರಡನೇ ಓಣಿ ಮುಟ್ಟುವಷ್ಟರಲ್ಲಿ ಬೆವರಿಗೆ ಅಳಿಸಿ ಹೋಗುತ್ತಿತ್ತು. ಅವಳನ್ನು ಕಂಡ ಹೆಂಗಸರು ಮಾತು ನಿಲ್ಲಿಸುವರು, ದಾರಿ ಬಿಡುವರು. ಒಬ್ಬಿಬ್ಬರು ಮುದುಕಿಯರು ಕಣ್ಣೊರೆಸಿಕೊಳ್ಳುವುದೂ ಇತ್ತು. ತನ್ನ ವಿದ್ಯೆ ಜನರನ್ನು ಇಷ್ಟು ಕರಗಿಸುತ್ತದೆಂದು ರಂಗವ್ವ ಎಣಿಸಿರಲಿಲ್ಲ. "ಇಲ್ಲಿ ಮಂದಿ ನನ್ನ ಮುಂದ ತುಟಿ ಪಿಟ್ ಅನ್ನೂದಿಲ್ಲ, ಅಷ್ಟ ಮರ್ಯಾದಿ" ಎಂದು ಅಪ್ಪನಿಗೆ ಪತ್ರ ಬರೆದಳು.

ಜ್ವರಕ್ಕೆ ಗುಳಿಗೆ ಕೇಳಲು ಜನ ಬಂದರು. ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡರು. ಆದರೆ ಹೆರಿಗೆಗೆ ಒಬ್ಬರೂ ಕರೆಯಲಿಲ್ಲ. ಊರಿನಲ್ಲಿ ಕೂಸುಗಳೇನೋ ಹುಟ್ಟುತ್ತಲೇ ಇದ್ದವು. ಅವೆಲ್ಲ ಹಳೆಯ ಸೂಲಗಿತ್ತಿ ಹುಸೇನಬಿಯ ಕೈಯಲ್ಲಿ ಹುಟ್ಟಿ, ಮರುದಿನ ರಂಗವ್ವನ ಕಿವಿಗೆ ಬೀಳುತ್ತಿದ್ದವು.

ಒಂದೂವರೆ ವರ್ಷ ಹೀಗೇ ಕಳೆದ ಮೇಲೆ ಹೆಲ್ತ್ ವಿಜಿಟರ್ ಸಾವಿತ್ರೆವ್ವ ತಪಾಸಣೆಗೆ ಬಂದಳು. ಹತ್ತು ಹಳ್ಳಿಯ ನರ್ಸುಗಳ ಮೇಲೆ ಅವಳ ಅಧಿಕಾರ. ಕನ್ನಡಕ ಏರಿಸಿ ರಜಿಸ್ಟರ್ ತೆಗೆದಳು.

"ಹೆರಿಗಿ ಎಷ್ಟವ್ವಾ?"

"ಮಂದಿ ನನ್ನ ಕಂಡ್ರ ಭಾಳ ಗೌರವ ಕೊಡ್ತಾರ್ರಿ ಬಾಯಾರ."

"ಗೌರವದ್ದು ಇದರಾಗ ಕಾಲಮ್ಮಿಲ್ಲ. ಹೆರಿಗಿ ಎಷ್ಟು?"

"ಒಂದೂ ಇಲ್ರಿ."

"ಮಾರ್ಚಿಗೆ ನಿನ್ನ ರಿಪೋರ್ಟ ಹೋಗತೈತಿ. ಅಲ್ಲಿತನಾ ಹಿಂಗ ಇದ್ರ ಕಾಯಂ ಮಾಡ್ರಿ ಅಂತ ನಾ ಹೆಂಗ ಬರೀಲಿ? ಕುರಿ ಕಾಯಾಕ ಹೋಗಬೇಕಾದೀತು ನೋಡು."

ಆ ಕೊನೆಯ ಮಾತು ನಾಟಿತು. ಸಂಜೆಯಾಗುವ ಮೊದಲೇ ರಂಗವ್ವ ಗಾಂಭೀರ್ಯವನ್ನು ಚೀಲದ ಜೊತೆ ಗೂಟಕ್ಕೆ ತೂಗುಹಾಕಿ ಹುಸೇನಬಿಯ ಮನೆಗೆ ಹೋದಳು. ಹಿಂದೊಮ್ಮೆ ಇದೇ ಮುದುಕಿಯನ್ನು ಕೂರಿಸಿಕೊಂಡು ಬ್ಲೇಡು ಕುದಿಸುವ ಬಗ್ಗೆ ಒಂದು ತಾಸು ಭಾಷಣ ಬಿಗಿದಿದ್ದಳು. ಹುಸೇನಬಿ ಅದನ್ನು ಮರೆತಿರಲಿಲ್ಲ.

"ಬಾ ತಂಗಿ. ಇವತ್ತ ಏನ ಕುದಸಬೇಕು?"

"ಆಯಿ, ಖರೆ ಹೇಳು. ಮಂದಿ ನನ್ನ ಯಾಕ ಕರೆಯೂದಿಲ್ಲ?"

ಮುದುಕಿ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದಳು. "ನಿನ್ನ ಗಂಡ ಸತ್ತು ಎಷ್ಟ ದಿನಾ ಆತು?"

"ಯಾ ಗಂಡ? ನನ್ನ ಲಗ್ನಾನ ಆಗಿಲ್ಲ!"

ಹುಸೇನಬಿ ಬಿದ್ದು ಬಿದ್ದು ನಕ್ಕಳು. "ಅಯ್ಯ ನನ್ನ ಕೂಸ! ಬಿಳಿ ಸೀರಿ, ಬರಿಗೈ. ಊರ ತುಂಬ ಪಾಪ, ಸಣ್ಣ ವಯಸ್ಸಿನಾಗ ಹಿಂಗಾತು ಅಂತ ಮರಗತಾರ. ಬರಿಗೈಲೆ ಬಂದಾಕೀನ ಹಡಿಯೂ ಮನಿಯೊಳಗ ಯಾರ ಬಿಟ್ಕೋತಾರ?"

ಒಂದೂವರೆ ವರ್ಷದ ಗೌರವವೆಲ್ಲ ಆ ಕ್ಷಣದಲ್ಲಿ ನೆಲಕ್ಕಿಳಿಯಿತು. ರಂಗವ್ವನಿಗೆ ಸಿಟ್ಟು ಬಂತು. "ಗಂಡ ಸತ್ರ ಕೈಗೇನ ಆಗತೈತಿ ಆಯಿ? ಕೈ ಕೈನ ಅಲ್ಲೇನು?"

"ಏನೂ ಆಗೂದಿಲ್ಲ. ಆದ್ರ ಹಡಿಯಾಕಿ ಹೆದರಿದ್ರ ಹೆರಿಗಿ ತಡಾ ಆಗತೈತಿ. ಅದು ನಿನ್ನ ಪುಸ್ತಕದಾಗ ಇಲ್ಲೇನು?"

ಪುಸ್ತಕದಲ್ಲಿ ಅದೂ ಇತ್ತು, ಬಳೆ ಬೇಡವೆಂದೂ ಇತ್ತು. ಕೈಗೆ ಬಳೆ ಇಡಿಸಿಕೊಂಡು, ಹೆರಿಗೆ ಮನೆಯ ಬಾಗಿಲಲ್ಲಿ ತೆಗೆಯೋಣವೆಂದರೆ, ಬಸುರಿಯ ಮುಂದೆ ಬಳೆ ತೆಗೆಯುವುದು ಬರಿಗೈಗಿಂತ ದೊಡ್ಡ ಅಪಶಕುನ. ರಂಗವ್ವ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಇಳಕಲ್ಲಿಗೆ ಹೋಗಿ ಬಳೆಗಾರನ ಎದುರು ಕೂತು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಅಳತೆಯ ಹಸಿರು ಗಾಜಿನ ಬಳೆ ಕೇಳಿದಳು.

"ಯಾರಿಗಿರಿ?"

"ನನಗ."

ಬಳೆಗಾರ ಅವಳ ಕಡ್ಡಿ ಕೈ ನೋಡಿದ. "ನಿಮಗ ಇವು ನಡಕ್ಕ ಡಾಬು ಆದಾವ್ರಿ."

ಕೈಗೊಂದು ಡಜನ್ ತೊಟ್ಟು ಬಂದಳು. ಅವು ಸಲೀಸಾಗಿ ಮೊಳಕೈ ದಾಟಿ ಮೇಲೇರುತ್ತಿದ್ದವು. ಅಲ್ಲಿ ಬ್ಯಾಂಡೇಜ್ ಪಟ್ಟಿ ಸುತ್ತಿದರೆ, ಕೆಳಗೆ ಸಿಸ್ಟರಿಗೆ ಬೇಕಾದಷ್ಟು ಬರಿಗೈ, ಮೇಲೆ ಊರಿಗೆ ಬೇಕಾದಷ್ಟು ಮುತ್ತೈದೆತನ. ತೊಂದರೆ ಒಂದೇ. ಪಟ್ಟಿ ಕಟ್ಟದಿದ್ದಾಗ ಕೈ ಇಳಿಬಿಟ್ಟರೆ ಬಳೆ ಜಾರಿ ನೆಲಕ್ಕೆ ಬೀಳುತ್ತಿದ್ದವು. ಆದ್ದರಿಂದ ರಂಗವ್ವ ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿಕೊಂಡೇ ಓಣಿಯಲ್ಲಿ ನಡೆಯತೊಡಗಿದಳು. ಪಂಚಾಯತಿ ಚೇರಮನ್ ರಾಚಪ್ಪ ಇದನ್ನು ತನಗೆ ಸಲ್ಲುವ ನಮಸ್ಕಾರವೆಂದೇ ತಿಳಿದ. ದಿನಾ ಕಟ್ಟೆಯ ಮೇಲಿಂದ ಅರ್ಧ ಎದ್ದು ಕೈ ಮುಗಿದು, "ಈ ಬಾಯಿಗೆ ಈಗ ರೀತಿ ರಿವಾಜ ತಿಳೀತು" ಎಂದು ಪಕ್ಕದವರಿಗೆ ಹೇಳುವನು.

ರಾಚಪ್ಪನ ಮಗಳು ಗುರುಲಿಂಗವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. "ಚೇರಮನ್ನನ ಮೊಮ್ಮಗ ಇಳಕಲ್ಲ ಡಾಕ್ಟರ ಕೈಯಾಗ ಹುಟ್ಟಬೇಕು, ಜೀಪ ತಯಾರ ಐತಿ" ಎಂದು ರಾಚಪ್ಪ ಸಾರಿದ್ದ. ನೋವು ಶುರುವಾದ ದಿನ ಜೀಪು ತಯಾರೇ ಇತ್ತು, ಹುನಗುಂದದಲ್ಲಿ. ಏಳು ಮಕ್ಕಳ ತಂದೆ ರಾಚಪ್ಪ ಅಲ್ಲಿ ಕುಟುಂಬ ಯೋಜನೆ ಸಭೆಯ ಅಧ್ಯಕ್ಷತೆ ವಹಿಸಿದ್ದ.

ಅವನ ಹೆಂಡತಿ ಶಿವಬಸವ್ವ ಹುಸೇನಬಿಗೆ ಹೇಳಿಕಳಿಸಿದಳು. ಹುಸೇನಬಿ ಬಂದು ಮುಟ್ಟಿ ನೋಡಿ, "ನರ್ಸಬಾಯಿನ್ನೂ ಕರಸ್ರಿ. ನನಗೊಬ್ಬಾಕಿಗೆ ಧೈರ್ಯ ಸಾಲದು" ಎಂದಳು. ರಂಗವ್ವ ಹೊಸ್ತಿಲಲ್ಲಿ ಬಂದು ನಿಂತಾಗ ಶಿವಬಸವ್ವನ ಕಣ್ಣು ನೇರ ಅವಳ ಮುಂಗೈಗೆ ಹೋಯಿತು, ಅಲ್ಲಿಂದ ಮೇಲೇರಿ ಹಸಿರು ಕಂಡಿತು.

"ಬಾ ಯವ್ವಾ, ಲಗೂ ಒಳಗ ಬಾ."

ಪಟ್ಟಿ ಬಿಗಿದು, ಕೈ ತೊಳೆದು ರಂಗವ್ವ ಕೂತಳು. ಮಧ್ಯಾಹ್ನ ಮೂರರ ಸುಮಾರಿಗೆ ಕೂಸಿನ ತಲೆ ಕಂಡಿತು. ಕೊರಳಿಗೆ ಕರುಳಬಳ್ಳಿ ಸುತ್ತಿತ್ತು. ಅದನ್ನು ಬೆರಳಲ್ಲಿ ಎತ್ತಿ ತಲೆಯ ಮೇಲಿಂದ ಹಾರಿಸಿದಳು. ಗಂಡು ಕೂಸು ಹೊರಗೆ ಬಂತು, ಆದರೆ ಅಳಲಿಲ್ಲ. ರಂಗವ್ವ ಅದರ ಬಾಯಿ, ಮೂಗು ಒರೆಸಿದಳು. ಅಪ್ಪ ಉಸಿರಾಡದ ಕುರಿಮರಿಯನ್ನು ಕಂಬಳಿಯ ತುದಿಯಲ್ಲಿ ತಿಕ್ಕುತ್ತಿದ್ದುದೂ, ಸಿಸ್ಟರ್ ಕಲಿಸಿದ್ದೂ ಹೆಚ್ಚುಕಡಿಮೆ ಒಂದೇ ಎಂಬುದು ಅವಳಿಗೆ ಆಗ ಹೊಳೆಯಿತು. ಒಣ ಅರಿವೆಯಿಂದ ಕೂಸಿನ ಬೆನ್ನು ತಿಕ್ಕಿದಳು, ಮತ್ತೂ ತಿಕ್ಕಿದಳು. ಆ ಭರಕ್ಕೆ ಪಟ್ಟಿ ಸಡಿಲಾಗಿ ಬಳೆಗಳು ಝಲ್ಲೆಂದು ಮುಂಗೈಗೆ ಇಳಿದವು. ಅದೇ ಹೊತ್ತಿಗೆ ಕೂಸು ಮನೆ ಹಾರುವಂತೆ ಕಿರುಚಿತು.

"ಬಳಿ ಸಪ್ಪಳಕ್ಕ ಅತ್ತು ನೋಡ್ರಿ!" ಎಂದಳು ಶಿವಬಸವ್ವ.

ಬಳೆ ಮೇಲೇರಿಸಿ, ಮತ್ತೆ ಕೈ ತೊಳೆದು, ಕರುಳಬಳ್ಳಿ ಕತ್ತರಿಸುತ್ತ ರಂಗವ್ವ, ಅಲ್ಲ, ತಿಕ್ಕಿದ್ದಕ್ಕೆ ಅತ್ತದ್ದು ಎಂದು ವಿವರಿಸಲು ಹೋದಳು. ಹುಸೇನಬಿ ಮೊಳಕೈಯಿಂದ ತಿವಿದಳು. "ಸುಮ್ಮಕಿರ. ಕುಂತು ತಿನ್ನೂ ಅನ್ನಕ್ಕ ಕಲ್ಲ ಒಗೀಬ್ಯಾಡ."

ಸುದ್ದಿ ಸಂಜೆಯೊಳಗೆ ಮೂರು ಊರು ಸುತ್ತಿತು. ಮಾರ್ಚಿಗೆ ರಜಿಸ್ಟರಿನಲ್ಲಿ ಹನ್ನೊಂದು ಹೆರಿಗೆ ಇದ್ದವು, ಎಲ್ಲದರ ಎದುರೂ ಹುಸೇನಬಿಯ ಹೆಸರೂ ಇತ್ತು. ಪ್ರತಿ ಮನೆಯಲ್ಲೂ ಕೂಸು ಹುಟ್ಟಿದ ಕೂಡಲೇ, "ಬಾಯಾರ, ಒಂದೀಟ ಬಳಿ ಬಾರಸ್ರಿ" ಎಂಬ ಬೇಡಿಕೆ. ತಪಾಸಣೆಗೆ ಬಂದ ಸಾವಿತ್ರೆವ್ವ ಬಳೆ ಕಂಡು ಹುಬ್ಬು ಗಂಟಿಕ್ಕಿದಳು. "ಇದ ಯೂನಿಫಾರ್ಮದಾಗ ಇಲ್ಲ!" ರಂಗವ್ವ ಪಟ್ಟಿ ಕಟ್ಟಿ ಕೈ ತೊಳೆದು ತೋರಿಸಿದಳು. ಸಾವಿತ್ರೆವ್ವ ರಜಿಸ್ಟರನ್ನೂ ಮೊಳಕೈಯನ್ನೂ ಎರಡೆರಡು ಸಲ ನೋಡಿದಳು, ಸಹಿ ಹಾಕಿದಳು, ಬಸ್ಸಿಗೆ ಹೊರಡುವಾಗ ದನಿ ತಗ್ಗಿಸಿ ಕೇಳಿದಳು: "ಇಷ್ಟ ದೊಡ್ಡ ಬಳಿ ಯಾವ ಅಂಗಡ್ಯಾಗ ಸಿಗತಾವು?"

ನೌಕರಿ ಕಾಯಂ ಆಯಿತು. ಏಳು ವರ್ಷದ ಮೇಲೆ ರಂಗವ್ವ ಆರು ತಿಂಗಳ ತರಬೇತಿಗೆ ಹೋಗಿ ತಾನೇ ಹೆಲ್ತ್ ವಿಜಿಟರ್ ಆದಳು. ಅದೆಲ್ಲ ಆಮೇಲಿನದು. ಕಾಯಂ ಆದ ಆರ್ಡರು ಕೈಗೆ ಬಂದ ವಾರ ಅವಳು ಅದನ್ನು ಹಿಡಿದು ಊರಿಗೆ ಹೋದಳು. ಅಮಸಿದ್ದಪ್ಪ ಕುರಿಮರಿಯಂತೆ ಕೂಸನ್ನು ತಿಕ್ಕಿದ ಕಥೆಯನ್ನು ಎರಡು ಸಲ ಹೇಳಿಸಿಕೊಂಡ, ಆರ್ಡರನ್ನು ತಿರುವಿ ಮುರುವಿ ನೋಡಿದ, ಆಮೇಲೆ ಮಾಸ್ತರರ ಮನೆಗೆ ಒಯ್ದು ಕೊಟ್ಟ.

"ಸಾವಕಾಶ ಓದ್ರಿ ಸರ. ಇದರಾಗ ನನ್ನ ಹೆಸರೂ ಎಲ್ಲೋ ಇರಬೇಕು."