ಹದಿನೇಳಿಲ್ಲದ ಘಾಟಿ

ಸೆರ್ದೋನ ಘಾಟಿ ಹತ್ತುವ ಸೈಕಲ್ ಸವಾರರಿಗೆ ಒನೊರೀನಳ ಹೆಸರು ಗೊತ್ತಿಲ್ಲ. ಅವಳ ಕೈಬರಹ ಮಾತ್ರ ಎಲ್ಲರೂ ಬಲ್ಲರು. ಒಂದೊಂದು ತಿರುವಿನ ಕಲ್ಲಿನ ಮೇಲೂ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದ ಅಂಕಿ ಅವಳದೇ. ಕೆಳಗೆ ಪ್ರೆದಾಲ್ ಊರಿನ ಸೇತುವೆ ದಾಟಿದೊಡನೆ ಮೂವತ್ತನಾಲ್ಕು, ಮೇಲೆ ಘಾಟಿಯ ನೆತ್ತಿಯಲ್ಲಿ ಒಂದು. ಏದುಸಿರು ಬಿಡುತ್ತ ಹತ್ತುವವನು ಇನ್ನೆಷ್ಟು ಉಳಿದಿದೆ ಎಂದಷ್ಟೇ ಕೇಳುತ್ತಾನೆ. ಹಾಗಾಗಿ ಅಂಕಿ ಮೇಲಿನಿಂದ ಶುರುವಾಗಬೇಕು. ಜೂನ್‌ನಲ್ಲಿ ಹಿಮ ಸರಿಸಿ ರಸ್ತೆ ಬಿಟ್ಟ ಮೊದಲ ವಾರ, ಒನೊರೀನ ತನ್ನ ಮೂರು ಚಕ್ರದ ಪುಟ್ಟ ಗಾಡಿಯಲ್ಲಿ ಬಣ್ಣದ ಡಬ್ಬಿ ಇಟ್ಟುಕೊಂಡು ನೆತ್ತಿಯಿಂದ ಬರೆಯುತ್ತ ಇಳಿಯುತ್ತಾಳೆ. ನಲವತ್ತೊಂದು ವರ್ಷದಿಂದ ಹೀಗೆ. ಅದಕ್ಕೆ ಮುಂಚೆ ಅವಳ ಅಪ್ಪ ಎವಾರಿಸ್ತೊ ಬರೆಯುತ್ತಿದ್ದ.

ಎವಾರಿಸ್ತೊ ರಸ್ತೆ ಕಾಯುವ ಸರ್ಕಾರಿ ನೌಕರ. ಹಿಮ ಬಿದ್ದರೆ ಸಲಿಕೆ, ಕಲ್ಲು ಉರುಳಿದರೆ ಹಾರೆ, ಮಳೆ ಬಂದರೆ ಚರಂಡಿ. ಈಗ ಹದಿನೆಂಟು ಎಂದು ಬರೆದಿರುವ ತಿರುವಿನ ಕೆಂಪು ಗೋಡೆಯ ಮನೆಯನ್ನು ಸರ್ಕಾರ ಅವನಿಗೆ ಕೊಟ್ಟಿತ್ತು. ರಸ್ತೆಗೆ ಡಾಂಬರು ಬಿದ್ದ ವರ್ಷ ತಿರುವುಗಳಿಗೆಲ್ಲ ಅಂಕಿ ಬರೆಯಬೇಕೆಂದು ಕಾಗದ ಬಂತು. ಮೇಲಿನಿಂದ ಒಂದು, ಎರಡು, ಮೂರು ಎಂದು ಬರೆಯುತ್ತ ಬಂದವನ ಕುಂಚ ಹದಿನಾರರ ನಂತರ ತಡೆಯಿತು. ಮುಂದಿನ ಅಂಕಿ ಹದಿನೇಳು. ನಮ್ಮ ಕಡೆ ಹದಿನೇಳು ಎಂದರೆ ಅಪಶಕುನ. ಹೋಟೆಲಿನಲ್ಲಿ ಹದಿನೇಳನೇ ಕೋಣೆ ಇರುವುದಿಲ್ಲ, ಹದಿನೇಳನೇ ತಾರೀಕಿಗೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಅದೂ ಆ ತಿರುವು ತನ್ನ ಮನೆ ಬಾಗಿಲಿನದೇ. ಹೆಂಡತಿ, ತೊಟ್ಟಿಲಲ್ಲಿ ಮಗಳು ಇರುವ ಮನೆಗೆ ಯಾವ ಅಪ್ಪ ತಾನೇ ಹದಿನೇಳು ಬರೆದಾನು? ಎವಾರಿಸ್ತೊ ಸಲೀಸಾಗಿ ಹದಿನೆಂಟು ಬರೆದು ಮುಂದೆ ನಡೆದ. ಇರುವುದು ಮೂವತ್ತಮೂರು ತಿರುವು, ಕಲ್ಲಿನ ಮೇಲೆ ಮೂವತ್ತನಾಲ್ಕು. ನೋಡಲು ಬಂದ ಮೇಲಧಿಕಾರಿಯೂ ನಮ್ಮ ಕಣಿವೆಯವನೇ ಆದ್ದರಿಂದ ತುಟಿ ಪಿಟಕ್ಕೆನ್ನಲಿಲ್ಲ.

ಈ ತಪ್ಪಿನ ಫಲ ಉಂಡವರು ಸೈಕಲ್ಲಿನವರು. ಹದಿನೆಂಟರಿಂದ ಮುಂದಿನ ತಿರುವಿನವರೆಗಿನ ಏರು ಇಡೀ ಘಾಟಿಯಲ್ಲೇ ಕಡಿದು. ಜೀವ ಬಾಯಿಗೆ ಬಂದವರು, ಹದಿನೇಳು ಎಂದುಕೊಂಡು ತಲೆ ಎತ್ತಿದರೆ ಹದಿನಾರು! ಹದಿನಾರು ಎಂಬ ಅವರ ಕೂಗು ಒನೊರೀನಳ ಅಡುಗೆಮನೆಗೆ ದಿನಕ್ಕೆ ಹತ್ತು ಸಲ ಕೇಳುತ್ತದೆ. ಕೆಲವರು ನಗುತ್ತಾರೆ, ಕೆಲವರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಜರ್ಮನಿಯ ದಂಪತಿ ಒಮ್ಮೆ, ತಿರುವೊಂದು ತಪ್ಪಿತೇನೋ ಎಂದು ಕೆಳಗಿಳಿದು ಹುಡುಕಿ ಮತ್ತೆ ಹತ್ತಿದ್ದರು. ಅಂಥವರಿಗೆಲ್ಲ ಎವಾರಿಸ್ತೊ ಒಂದೇ ಉತ್ತರ ಕೊಡುತ್ತಿದ್ದ: "ನಾನಲ್ಲಪ್ಪ, ಬೆಟ್ಟ ಬಿಟ್ಕೊಟ್ಟಿದ್ದು."

ಒನೊರೀನ ಮದುವೆಯಾಗಲಿಲ್ಲ. ಅಪ್ಪನ ಕೆಲಸ, ಅಪ್ಪನ ಮನೆ, ಅಪ್ಪನ ಅಂಕಿ ಮೂರನ್ನೂ ವಹಿಸಿಕೊಂಡಳು. ಮನೆಯೆದುರಿನ ಕಾರಂಜಿಯಲ್ಲಿ ಹಿಮದ ನೀರು ಸದಾ ಸುರಿಯುತ್ತದೆ. ಬಾಟಲಿ ತುಂಬಿಕೊಳ್ಳಲು ನಿಂತವರಿಗೆ ಚೀಸಿನ ತುಂಡೋ, ಅಂಟಿಸಲು ಪಂಕ್ಚರ್ ಪಟ್ಟಿಯೋ, ಇಲ್ಲದಿದ್ದರೆ ಎರಡು ಬೈಗುಳವೋ ಅವಳಿಂದ ಸಿಕ್ಕೇ ಸಿಗುತ್ತದೆ. ಇಡೀ ಕಣಿವೆಗೆ ಅವಳು ಅತ್ತೆ. ಆದರೆ ಒಂದು ವಿಷಯ ಯಾರಿಗೂ ಹೊಳೆದಿರಲಿಲ್ಲ: ಒನೊರೀನ ಒಮ್ಮೆಯೂ ಈ ಘಾಟಿಯನ್ನು ಸೈಕಲ್ಲಿನಲ್ಲಿ ಹತ್ತಿದವಳಲ್ಲ. ಚಿಕ್ಕವಳಿದ್ದಾಗ ಶಾಲೆಗೆ ಪೆಡಲ್ ತುಳಿಯದೆ ಇಳಿದು, ಸಂಜೆ ಅಪ್ಪನ ಲಾರಿಯಲ್ಲಿ ಬರುತ್ತಿದ್ದಳು. ಮನೆಯಿಂದ ಮೇಲಕ್ಕೆ ಹೋದದ್ದೆಲ್ಲ ಸಲಿಕೆ ಹಿಡಿದು, ಇಲ್ಲವೇ ಗಾಡಿಯಲ್ಲಿ.

ಅರವತ್ತಾರು ತುಂಬಿದ ವರ್ಷ ಮೇ ತಿಂಗಳಲ್ಲಿ ಫೋಸ್ಕ ಎಂಬ ಹುಡುಗಿ ಮನೆ ಬಾಗಿಲಿಗೆ ಬಂದಳು. ಕಣಿವೆಯ ಸೈಕಲ್ ಮಾರ್ಗಗಳನ್ನೆಲ್ಲ ಒಂದೇ ನಕ್ಷೆಗೆ ತರುತ್ತಿದ್ದ ಸಮಿತಿಯವಳು. ಬಯಲುಸೀಮೆಯ ನಗರದಲ್ಲಿ ಓದಿ ಬಂದವಳು, ಮಾತು ಚುರುಕು. ನದಿ ದಡದ ಸಪಾಟು ದಾರಿ, ದ್ರಾಕ್ಷಿ ತೋಟಗಳ ಮೆಟ್ಟಿಲಿನ ದಾರಿ ಎಲ್ಲ ಅಳೆದು ಮುಗಿಸಿ, ಕೊನೆಗೆ ಘಾಟಿಗೆ ಬಂದಿದ್ದಳು.

"ಅತ್ತೆ, ಬೇಜಾರ್ ಮಾಡ್ಕೋಬೇಡಿ. ತಿರುವು ಮೂವತ್ಮೂರೇ ಇರೋದು. ಹೊಸದಾಗಿ ಲೋಹದ ಫಲಕ ಮಾಡ್ಸಿದೀವಿ, ಒಂದರಿಂದ ಮೂವತ್ಮೂರು. ಜೂನ್‌ನಲ್ಲಿ ರಸ್ತೆ ಬಿಟ್ಮೇಲೆ, ಎರಡನೇ ಸೋಮವಾರ ಬಣ್ಣ ಕೆರೆದು ಹಾಕ್ತೀವಿ."

"ಅದ್ರಲ್ಲಿ ಹದಿನೇಳೂ ಇದ್ಯಾ?"

"ಇದೆ. ನಾನೂ ಹದಿನೇಳನೇ ತಾರೀಕು ಪರೀಕ್ಷೆ ಬರೆಯೋಳಲ್ಲ ಅತ್ತೆ. ಆದ್ರೆ ನಕ್ಷೆ ಅಂದ್ರೆ ನಕ್ಷೆ."

"ಅದು ನನ್ ಬಾಗ್ಲಿಗೇ ಬರತ್ತೆ, ಗೊತ್ತೇನೆ?"

ಒನೊರೀನ ಜಗಳಕ್ಕೆ ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಅವಳ ಬಾಯಿಯ ಮುಂದೆ ಸಮಿತಿ ಯಾವ ಲೆಕ್ಕ! ಆದರೆ ಅವಳನ್ನು ಕಾಡಿದ್ದು ಬೇರೆ. ಅಪ್ಪನ ಅಂಕಿಗಳು ಅಳಿಸಿಹೋಗುತ್ತವೆ, ಅವು ಯಾರಿಗಾಗಿ ಇದ್ದವೋ ಅವರ ಹಾಗೆ ತಾನು ಒಮ್ಮೆಯೂ ಅವನ್ನು ನೋಡಲಿಲ್ಲ ಎಂಬ ಸಂಕಟ.

"ನೀನು ಘಾಟಿ ಹತ್ತಿದೀಯಾ?" ಎಂದು ಕೇಳಿದಳು.

"ಕಾರಲ್ಲಿ ನಾಲ್ಕು ಸಲ."

"ಹಾಗಾದ್ರೆ ಆ ಸೋಮವಾರದ ಹಿಂದಿನ ದಿನ ಸೈಕಲ್ ತಗೊಂಡ್ ಬಾ. ನಾನೂ ಹತ್ತೀನಿ. ಕೂತು ದಣಿವಾರಿಸ್ಕೋಬೋದು, ನೂಕ್ಕೊಂಡ್ ಹೋಗೋ ಹಾಗಿಲ್ಲ. ಆಮೇಲೆ ಬೇಕಾದ್ದು ಕೆರ್ಕೋ."

ಹಾಲೆಂಡಿನವನೊಬ್ಬ ಮಣಿಕಟ್ಟು ಮುರಿದುಕೊಂಡು, ಮುಂದಿನ ವರ್ಷ ಒಯ್ಯುತ್ತೇನೆ ಎಂದು ಬಿಟ್ಟುಹೋದ ಗೇರು ಸೈಕಲ್ಲೊಂದು ಹದಿಮೂರು ವರ್ಷದಿಂದ ಕೊಟ್ಟಿಗೆಯಲ್ಲಿ ನೇತಾಡುತ್ತಿತ್ತು. ಒನೊರೀನ ಅದರ ಸರಪಳಿಗೆ ಎಣ್ಣೆ ಕಾಣಿಸಿ, ಮೇ ಮುಗಿಯುವವರೆಗೂ ನದಿ ದಡದಲ್ಲಿ ತುಳಿದಳು. ಜೂನ್ ಬಂದಾಗ, ಕೊನೆಯ ಸಲವೆಂದು ಗೊತ್ತಿದ್ದೂ, ಎಂದಿನಂತೆ ಅಂಕಿಗಳಿಗೆ ಹೊಸ ಬಣ್ಣ ಬಳಿದಳು.

ಆ ಭಾನುವಾರ ಬೆಳಿಗ್ಗೆ ಪ್ರೆದಾಲ್ ಸೇತುವೆಯ ಬಳಿ ಕಾಫಿ ಅಂಗಡಿಯ ಫಿರ್ಮೊ ಬಾಗಿಲಲ್ಲೇ ನಿಂತಿದ್ದ.

"ಅತ್ತೆ, ಆ್ಯಂಬುಲೆನ್ಸ್‌ಗೆ ಈಗ್ಲೇ ಹೇಳಿಡ್ಲಾ?"

"ನಿನ್ ಕಾಫಿ ಕುಡ್ದೂ ಬದುಕಿದೀನಿ ಕಣೋ, ಘಾಟಿ ಏನ್ ಮಾಡೀತು?"

ಮೂವತ್ತನಾಲ್ಕು, ಮೂವತ್ತಮೂರು, ಮೂವತ್ತೆರಡು. ಚೆಸ್ಟ್‌ನಟ್ ಮರಗಳ ನೆರಳು ಇರುವವರೆಗೆ ಇಬ್ಬರಿಗೂ ಮಾತಿತ್ತು. ಇಪ್ಪತ್ತಾರು ದಾಟಿದ ಮೇಲೆ ಮಾತು ನಿಂತು ಉಸಿರು ಮಾತ್ರ ಉಳಿಯಿತು. ಒನೊರೀನಳಿಗೆ ಒಂದು ಬೆರಗು ಹತ್ತಿತು. ಗಾಡಿಯಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತಿದ್ದ ತುಂಡು ಇಷ್ಟು ಉದ್ದವೇ? ಈ ಬಂಡೆಯಲ್ಲಿ ಇಷ್ಟು ಬಣ್ಣವೇ? ರಸ್ತೆಯಂಚಿನ ತಡೆಗೋಡೆಯ ಒಂದೊಂದು ಕಲ್ಲನ್ನೂ ಯಾರೋ ಕೈಯಿಂದ ಕೂರಿಸಿದ್ದರು, ಒಂದೊಂದರ ಮೇಲೂ ಉಳಿಯ ಗುರುತಿತ್ತು. ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ಇದ್ದವಳು ಅದನ್ನು ಆವತ್ತು ಕಂಡಳು. ಇದನ್ನು ತುಳಿದುಕೊಂಡು ಹಾಲೆಂಡಿನಿಂದ, ಪೋಲೆಂಡಿನಿಂದ ಬರುತ್ತಾರಲ್ಲ, ಅವರ ಗುಂಡಿಗೆಯಾದರೂ ಎಂಥದು! ಇಷ್ಟು ವರ್ಷ ಅವರಿಗೆ ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಹದಿನೆಂಟು ಬಂತು. ಕೆಂಪು ಮನೆ, ತೆರೆದ ಕಿಟಕಿ, ಕಟ್ಟೆಯ ಮೇಲೆ ಬೆಕ್ಕು. ಒನೊರೀನ ಕಾರಂಜಿಯಲ್ಲಿ ಮುಖ ತೊಳೆದು ತನ್ನ ಬಾಗಿಲ ಮೆಟ್ಟಿಲ ಮೇಲೆ ಕುಸಿದಳು. ಬೇರೆಯವರಿಗೆ ಇದು ನೀರು ಕುಡಿದು ಹೋಗುವ ಜಾಗ, ಅವಳಿಗೆ ಮನೆ. ಒಳಗೆ ಹಾಸಿಗೆ ಇತ್ತು, ಒಲೆಯ ಮೇಲೆ ನಿನ್ನೆಯ ಮೆಕ್ಕೆಜೋಳದ ಪೊಲೆಂಟ ಗಂಜಿ ಇತ್ತು. ಎದ್ದು ಒಳಗೆ ಹೋದರೆ ಕೇಳುವವರು ಯಾರು?

"ಸಾಕಾ ಅತ್ತೆ?" ಎಂದಳು ಫೋಸ್ಕ. ಅವಳ ಮುಖವೂ ಸುಣ್ಣದಂತಾಗಿತ್ತು. ಸಾಕು ಎಂದರೆ ಅವಳಿಗೂ ಸಂತೋಷವೇ.

ಒನೊರೀನ ಬೆಕ್ಕಿಗೆ, "ನೋಡ್ತಾ ಇರು," ಎಂದು ಹೇಳಿ ಎದ್ದಳು.

ಅಲ್ಲಿಂದ ಮುಂದಿನ ಏರಿನ ಬಗ್ಗೆ ಅವಳು ಆಮೇಲೂ ಹೆಚ್ಚು ಮಾತಾಡಿದ್ದಿಲ್ಲ. ಎದೆ ಕಿವಿಯಲ್ಲಿ ಬಡಿಯುತ್ತಿತ್ತು, ಚಕ್ರ ನಿಂತೇಹೋಗುವಷ್ಟು ನಿಧಾನ. ಇನ್ನು ನಾಲ್ಕು ಸಲ ತುಳಿದು ಕಾಲು ಊರುತ್ತೇನೆ ಎಂದುಕೊಂಡಳು, ನಾಲ್ಕಾದ ಮೇಲೆ ಇನ್ನು ನಾಲ್ಕು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ರಸ್ತೆ ಬಾಗಿತು, ಕಲ್ಲು ಕಂಡಿತು.

ಹದಿನಾರು.

ತನ್ನ ಕೈಯಿಂದಲೇ ಬರೆದದ್ದು, ಹನ್ನೆರಡು ದಿನದ ಹಿಂದೆ. ಅದು ಅಪ್ಪನ ಸುಳ್ಳೆಂದು ಮಾತು ಬಂದಾಗಿನಿಂದ ಬಲ್ಲಳು. ಆದರೂ ಎದೆ ಹಗುರಾಯಿತು, ಒಂದು ತಿರುವನ್ನು ಯಾರೋ ಎತ್ತಿಕೊಂಡು ಹೋದಂತೆ. ಗೊತ್ತಿದ್ದ ಸುಳ್ಳನ್ನೂ ಕಾಲು ನಂಬಿತ್ತು. ಮನೆಯವರಿಗೆ ಕೇಡಾಗದಿರಲಿ ಎಂದು ಭಯಪಟ್ಟು ಅಪ್ಪ ಬಿಟ್ಟ ಒಂದು ಅಂಕಿ, ಅವನು ಮುಖವನ್ನೂ ನೋಡದ ಸಾವಿರಾರು ಜನರನ್ನು ಹೀಗೆ ಮೇಲೆತ್ತಿತ್ತಲ್ಲ! ಅವಳಿಗೆ ಅಳು ಬಂತು, ಅಳಲು ಉಸಿರು ಇರಲಿಲ್ಲ.

ಆಗ ಹಿಂದಿನಿಂದ ಕೂಗು ಕೇಳಿಸಿತು. "ಹದಿನಾರು! ಅತ್ತೇ, ಹದಿನಾರು!"

ಕೂಗಿದವಳು ಫೋಸ್ಕ. ಟೇಪು ಹಿಡಿದು ಅಳೆದವಳು, ಇರುವುದು ಮೂವತ್ತಮೂರೇ ಎಂದು ಬರೆದು ಸಹಿ ಹಾಕಿದವಳು. ಕೂಗಿದ ಮೇಲೆ ತನಗೇ ಗೊತ್ತಾಗಿ ಬಾಯಿ ಮುಚ್ಚಿಕೊಂಡಳು.

"ಲೆಕ್ಕ ಗೊತ್ತಿದ್ದೋಳು ಯಾಕೆ ಕೂಗ್ದೆ?" ಎಂದಳು ಒನೊರೀನ, ತಿರುಗಿ ನೋಡದೆ.

"ಗೊತ್ತಿಲ್ಲ ಅತ್ತೆ, ಬಂದ್ಬಿಡ್ತು."

ಅಲ್ಲಿಂದ ನೆತ್ತಿಗೆ ಎರಡೂವರೆ ತಾಸು ಹಿಡಿಯಿತು. ಮರಗಳು ಮುಗಿದವು, ಹುಲ್ಲು ಮುಗಿಯಿತು, ಕಲ್ಲು ಮತ್ತು ಹಿಮ ಉಳಿದವು. ಒಂದನೇ ಕಲ್ಲಿನ ಬಳಿ ಒನೊರೀನ ಸೈಕಲ್ ಮಲಗಿಸಿ ಕೆಳಗೆ ನೋಡಿದಳು. ಇಡೀ ರಸ್ತೆ ಒಂದರ ಕೆಳಗೊಂದು ಮಡಚಿಕೊಂಡು, ಯಾರೋ ಬಿಚ್ಚಿ ಚೆಲ್ಲಿದ ದಾರದ ಹಾಗೆ ಬಿದ್ದಿತ್ತು. ನಡುವೆ ಎಲ್ಲೋ ಒಂದು ಕೆಂಪು ಚುಕ್ಕೆ, ಅವಳ ಮನೆ. ಸಾವಿರ ಸಲ ನಿಂತ ಜಾಗ ಅದು. ಆವತ್ತು ಮೊದಲ ಸಲ ಅವಳು ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದು ನಿಂತಳು, ಇಗರ್ಜಿಯೊಳಗೆ ಗಂಡಸರು ಟೋಪಿ ತೆಗೆದು ನಿಲ್ಲುವಂತೆ.

ಸೋಮವಾರ ಬೆಳಿಗ್ಗೆ ಫಲಕ ಹೊತ್ತ ವ್ಯಾನು ಬಂತು. ಒನೊರೀನ ಕಿಟಕಿಯಿಂದ ನೋಡುತ್ತಿದ್ದಳು, ಹೊರಗೆ ಬರಲಿಲ್ಲ. ಮೇಲಿನ ಹದಿನಾರು ಫಲಕಗಳನ್ನು ಕೂರಿಸಿ, ವ್ಯಾನು ಅವಳ ಬಾಗಿಲಿಗೆ ಇಳಿದು ನಿಂತಿತು. ಫೋಸ್ಕ ಕಾಲೆಳೆಯುತ್ತ ಕೆಳಗಿಳಿದು, ಕೈಯಲ್ಲಿದ್ದ ಹದಿನೆಂಟನ್ನು ಕಲ್ಲಿಗೆ ಹಿಡಿದು ತಿರುಪು ಬಿಗಿದಳು. ಆಮೇಲೆ ಅಲ್ಲೇ ನಿಂತು ಫೋನಿನಲ್ಲಿ ಯಾರಿಗೋ ಗಟ್ಟಿಯಾಗಿ ಹೇಳಿದಳು: "ಹೌದು ಸಾರ್, ಒಂದು ಕಮ್ಮಿ ಬಿದ್ದಿದೆ. ಮೂವತ್ನಾಲ್ಕು ಅಂತ ಇನ್ನೊಂದು ಮಾಡ್ಸಿ. ಲೆಕ್ಕ ನಂದೇ ಸಾರ್. ತಪ್ಪಾಗಿದ್ರೆ ನೀವೂ ಒಂದ್ಸಲ ಸೈಕಲ್ ತಗೊಂಡ್ ಬನ್ನಿ, ತೋರಿಸ್ತೀನಿ."

ಒನೊರೀನ ಹೊರಗೆ ಬಂದಳು. ಫೋಸ್ಕ ನಗುತ್ತ ಉಳಿದಿದ್ದ ಹದಿನೇಳರ ಫಲಕವನ್ನು ಅವಳತ್ತ ಚಾಚಿದಳು. "ನೆನಪಿಗೆ ಇಟ್ಕೊಳ್ಳಿ ಅತ್ತೆ."

"ಅಯ್ಯೋ ನಿನ್ ಮುಖಕ್ಕಿಷ್ಟು! ಅದನ್ನ ನನ್ ಹೊಸ್ತಿಲು ದಾಟಿಸ್ಬೇಡ!"

ಆದರೂ ಇಸಿದುಕೊಂಡಳು. ಸ್ವಲ್ಪ ಹೊತ್ತು ತೂಗಿ ನೋಡಿ, ಕಾರಂಜಿಯ ಮುಂದೆ ನೀರು ಚೆಲ್ಲಿ ಕೆಸರಾಗುತ್ತಿದ್ದ ಜಾಗದಲ್ಲಿ ಅಂಕಿ ಕೆಳಗಾಗುವಂತೆ ಹಾಸಿ, ಸುತ್ತ ನಾಲ್ಕು ಕಲ್ಲು ಬಡಿದಳು. ಈಗಲೂ ಅದು ಅಲ್ಲಿದೆ. ಬಾಟಲಿ ತುಂಬಿಕೊಳ್ಳುವವರೆಲ್ಲ ಅದರ ಮೇಲೆ ನಿಂತು ದಣಿವಾರಿಸಿಕೊಳ್ಳುತ್ತಾರೆ. ಆಮೇಲೆ ಹೊರಡುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಆ ಕೂಗು ಕೇಳಿಸುತ್ತದೆ, ಒನೊರೀನ ಒಲೆಯ ಮುಂದೆ ಸೌಟು ಹಿಡಿದವಳು ಒಂದು ಕ್ಷಣ ಕೈ ನಿಲ್ಲಿಸುತ್ತಾಳೆ.